ಯಾರೂ ಹೊಲಿಸದ ರವಿಕೆ ಕಣ

ಸೂರತ್ತಿನ ಅಡಾಜಣ್‌ನಲ್ಲಿ, ಆರನೆಯ ಮಹಡಿಯ ಹರಿಪ್ರಸಾದನ ಮನೆಯಲ್ಲಿ, ಯುಗಾದಿಯ ಹೋಳಿಗೆ ಊಟ ಮುಗಿದ ಮೇಲೆ ಒಂದು ಕಾನೂನು ಜಾರಿಗೆ ಬಂತು. ಮಂಡಿಸಿದವಳು ಮಗಳು ಸಿಂಚನಾ. ಅವಳು ವಡೋದರಾದಲ್ಲಿ ಪರಿಸರ ವಿಜ್ಞಾನ ಓದುತ್ತಿದ್ದಳು. ಶನಿವಾರ ರೈಲಿನಲ್ಲಿ ಬಂದು, ವಾರದ ಬಟ್ಟೆ ಒಗೆಸಿಕೊಂಡು, ಭಾನುವಾರ ಸಂಜೆ ಚಟ್ನಿಪುಡಿಯ ಡಬ್ಬಿಯೊಂದಿಗೆ ಹೊರಡುತ್ತಿದ್ದಳು. ಕಾನೂನು ಇಷ್ಟೇ: ಮುಂದಿನ ಯುಗಾದಿಯವರೆಗೆ ಮನೆಗೆ ಹೊಸ ವಸ್ತು ಕೊಂಡು ತರಕೂಡದು. ದಿನಸಿ, ಔಷಧಿ, ಸೋಪು ಬಿಟ್ಟು ಬೇರೆ ಏನೇ ಬೇಕಿದ್ದರೂ ಊಟದ ಮೇಜಿನ ಮುಂದೆ ನಾಲ್ಕು ಜನರೂ ಒಪ್ಪಬೇಕು.

"ಗುಂಡುಸೂಜಿ?" ಎಂದು ಕೇಳಿದರು ಹರಿಪ್ರಸಾದನ ತಾಯಿ ಕಮಲಾಕ್ಷಮ್ಮ. ಅವರಿಗೆ ಎಪ್ಪತ್ತಾರು. ಯಾವ ಕಾನೂನನ್ನು ಕಂಡರೂ ಮೊದಲು ಅದರ ಹಿತ್ತಿಲ ಬಾಗಿಲು ಎಲ್ಲಿದೆ ಎಂದು ನೋಡುವ ಸ್ವಭಾವ.

"ಗುಂಡುಸೂಜಿನೂ ಇಲ್ಲ ಅಜ್ಜಿ."

"ಯಾರಾದ್ರೂ ಕೊಟ್ರೆ?"

ಸಿಂಚನಾ ಯೋಚಿಸಿದಳು. "ಕೊಟ್ರೆ ಪರ್ವಾಗಿಲ್ಲ. ಕೊಂಡ್ಕೋಬಾರದು ಅಷ್ಟೆ."

"ಹಾಗಾದ್ರೆ ನನ್ನದು ಒಪ್ಪಿಗೆ."

ಹರಿಪ್ರಸಾದ ಗೊಣಗಿದ. ಅವನು ಹಜೀರಾದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸದಲ್ಲಿದ್ದ. ಅಲ್ಲಿ ಪಾಲಿಯೆಸ್ಟರ್ ನೂಲಿಗೆ ಬೇಕಾದ ಕಚ್ಚಾಮಾಲು ತಯಾರಾಗುತ್ತಿತ್ತು. ಈ ಊರಿನ ಸೀರೆ, ದುಪಟ್ಟಾ, ಪರದೆಗಳಲ್ಲಿ ತಮ್ಮ ಟ್ಯಾಂಕಿನಿಂದ ಹೊರಟದ್ದು ಎಷ್ಟು ಪಾಲು ಎಂದು ಬಂದ ನೆಂಟರಿಗೆಲ್ಲ ಹೇಳುತ್ತಿದ್ದ. ನೆಂಟರು ಸೀರೆ ಕೊಳ್ಳಲು ಬಂದವರಾದ್ದರಿಂದ ಆ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ.

"ಎಲ್ಲರೂ ಹೀಗೇ ಹೊರಟ್ರೆ ನಮ್ಮ ಪ್ಲಾಂಟಿಗೆ ಬೀಗ ಹಾಕ್ಬೇಕು ಪುಟ್ಟಿ."

"ಅಪ್ಪ, ನಿಮ್ಮ ಪಾಲಿಯೆಸ್ಟರ್ ನೂರಾರು ವರ್ಷ ಕೊಳೆಯಲ್ಲ, ಗೊತ್ತಾ?"

"ಅದಕ್ಕೆ ಕ್ವಾಲಿಟಿ ಅಂತಾರೆ."

ಹೆಂಡತಿ ಇಂದುಮತಿ ಮಾತ್ರ ಅವನ ಮುಖ ನೋಡಿ ತಕ್ಷಣ ಕೈ ಎತ್ತಿದಳು. ಫೋನಿನಲ್ಲಿ ಆರ್ಡರು ಮಾಡುವುದು ಹರಿಪ್ರಸಾದನ ಚಟ. ಮನೆಯಲ್ಲಿ ಎರಡು ಕಾಯಿ ತುರಿಯುವ ಯಂತ್ರ, ನಾಲ್ಕು ಟಾರ್ಚು, ಒಂದು ಕಾಲು ಒತ್ತುವ ಯಂತ್ರ ಇದ್ದವು. ಆ ಕೊನೆಯದರ ಮೇಲೆ ಈಗ ಇಸ್ತ್ರಿಗೆ ಹೋಗುವ ಬಟ್ಟೆ ಇಡುತ್ತಿದ್ದರು. "ನಂದೂ ಒಪ್ಪಿಗೆ" ಎಂದಳು. ಅವಳಿಗೆ ಕೊಳ್ಳುವಂಥದ್ದು ಏನೂ ಇರಲಿಲ್ಲ, ಅಥವಾ ಹಾಗೆಂದುಕೊಂಡಿದ್ದಳು.

ಮೊದಲ ಎರಡು ತಿಂಗಳು ಕಾನೂನು ಚೆನ್ನಾಗಿಯೇ ನಡೆಯಿತು. ಬಕೆಟ್ಟಿನ ಹಿಡಿ ಮುರಿದಾಗ ವಿಷಯ ಮೇಜಿಗೆ ಬಂತು. ಮೂರು ಜನ ಹೊಸದಕ್ಕೆ ಒಪ್ಪಿದರು, ಸಿಂಚನಾ ಒಪ್ಪಲಿಲ್ಲ. ಕಮಲಾಕ್ಷಮ್ಮ ಹಳೇ ಸೀರೆಯ ಅಂಚು ಹರಿದು ಜಡೆ ಹೆಣೆದು ಹಿಡಿ ಮಾಡಿದರು. ಜರಿಯಂಚಿನ ಬಕೆಟ್ಟಿನಲ್ಲಿ ಹರಿಪ್ರಸಾದ ಸ್ನಾನ ಮಾಡಿ ಹಜೀರಾಕ್ಕೆ ಹೋಗುತ್ತಿದ್ದ.

ಜೂನ್ ಕೊನೆಯಲ್ಲಿ ಸಿಂಚನಾಳಿಗೆ ಕಾಲೇಜಿನಲ್ಲಿ ಒಂದು ಪ್ರಾಜೆಕ್ಟು ಕೊಟ್ಟರು. ಮನೆಯಲ್ಲಿ ಬಳಸದೆ ಬಿದ್ದಿರುವ ವಸ್ತುಗಳನ್ನೆಲ್ಲ ತೂಗಿ ಬರೆಯಬೇಕು. ಅವಳು ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಹಿಡಿದು ಮನೆಯೆಲ್ಲ ಸುತ್ತಿ, ಅಮ್ಮನ ಬೀರುವಿನ ಕೆಳಗಿನ ಖಾನೆಗೆ ಬಂದಳು. ಎಳೆದರೆ ಬರಲಿಲ್ಲ. ಕಾಲು ಕೊಟ್ಟು ಎಳೆದಳು.

"ಅಮ್ಮ! ಇದೆಲ್ಲ ಏನು?"

"ರವಿಕೆ ಕಣ" ಎಂದಳು ಇಂದುಮತಿ ಅಡುಗೆಮನೆಯಿಂದ.

"ನೂರಾ ನಲವತ್ಮೂರು ಇದೆ! ಇಷ್ಟು ಬ್ಲೌಸ್ ಯಾರು ಹಾಕ್ತಾರೆ?"

"ಬ್ಲೌಸ್‌ಗಲ್ಲ ಅದು. ಅದನ್ನ ಯಾರೂ ಹೊಲಿಸಲ್ಲ."

"ಮತ್ತೆ?"

"ಕೊಡೋದು."

"ಕೊಟ್ಟರೆ ಅವರು ಹೊಲಿಸ್ತಾರಾ?"

"ಇಲ್ಲ. ಅವರೂ ಕೊಡ್ತಾರೆ."

"ಯಾರಿಗೆ?"

"ಇನ್ನೊಬ್ಬರಿಗೆ. ಅವರು ಮತ್ತೊಬ್ಬರಿಗೆ. ನಮಗೂ ಬರ್ತಿರತ್ತೆ."

ಸಿಂಚನಾ ನೆಲದ ಮೇಲೆ ಕುಳಿತುಬಿಟ್ಟಳು. "ಅಂದ್ರೆ ಇದು ಯಾರದ್ದು?"

"ಯಾರದ್ದೂ ಅಲ್ಲ ಕಣೇ. ಮುಟ್ಟಬೇಡ, ಮಡಿಕೆ ಕೆಡತ್ತೆ" ಎಂದು ಹೇಳಿ ಇಂದುಮತಿ ತರಕಾರಿಗೆ ಹೋದಳು.

ಅರಿಶಿನ ಕುಂಕುಮಕ್ಕೆ ಕರೆದ ಹೆಂಗಸಿಗೆ ಹೊರಡುವಾಗ ಎಲೆ ಅಡಿಕೆ, ತೆಂಗಿನಕಾಯಿ, ಒಂದು ರವಿಕೆ ಕಣ ಕೊಡುವುದು ಪದ್ಧತಿ. ಒಂದು ಕಾಲದಲ್ಲಿ ಜನ ಅದನ್ನು ಹೊಲಿಸಿಕೊಳ್ಳುತ್ತಿದ್ದಿರಬೇಕು. ಈಗ ಕೊಡುವುದು ಎಂಬತ್ತು ಸೆಂಟಿಮೀಟರಿನ ಮಿರಿಮಿರಿ ಬಟ್ಟೆ. ತೊಟ್ಟರೆ ಸೂರತ್ತಿನ ಸೆಖೆಗೆ ಮೈ ಬೇಯುತ್ತದೆ. ಆದ್ದರಿಂದ ಅದು ಮಡಿಕೆ ಬಿಚ್ಚದೆ ಮನೆಯಿಂದ ಮನೆಗೆ ತಿರುಗುತ್ತದೆ. ಇದರಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ. ತಪ್ಪು ಒಂದೇ: ಕೊಟ್ಟವರಿಗೇ ಅದನ್ನು ತಿರುಗಿ ಕೊಡುವುದು.

ಎರಡು ವರ್ಷದ ಹಿಂದೆ ರೈಲ್ವೆಯವರ ಹೆಂಡತಿ ಸೌಮ್ಯಾ ಆ ತಪ್ಪು ಮಾಡಿದ್ದಳು. ಅದೂ ಯಾರಿಗೆ, ಕನ್ನಡ ಸಂಘದ ಅಧ್ಯಕ್ಷೆ ಮೇದಿನಿಗೆ. "ನಂದನ್ನೇ ನಂಗೆ ಕೊಟ್ಲು ಕಣ್ರೀ!" ಎಂದು ಮೇದಿನಿ ಸೂರತ್ತಿನಲ್ಲಿ ಹೇಳಿದಳು, ಅಂಕಲೇಶ್ವರದಲ್ಲಿ ಹೇಳಿದಳು, ವಡೋದರಾದ ರಾಜ್ಯೋತ್ಸವದಲ್ಲಿ ಮೈಕು ಪರೀಕ್ಷಿಸುವಾಗಲೂ ಹೇಳಿದಳು. ಸೌಮ್ಯಾ ಆಮೇಲೆ ಸಂಘದ ಕಡೆ ತಲೆ ಹಾಕಲಿಲ್ಲ.

ಇಂದುಮತಿಗೆ ಆ ಭಯವಿರಲಿಲ್ಲ. ಪ್ರತಿ ಕಣದ ಮಡಿಕೆಯೊಳಗೆ ಬೆರಳುದ್ದದ ಚೀಟಿ ಇಟ್ಟಿದ್ದಳು: ಕೊಟ್ಟವರ ಹೆಸರು, ಯಾವ ಸಮಾರಂಭ, ಯಾವ ವರ್ಷ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಎಡವಿರಲಿಲ್ಲ. ಹರಿಪ್ರಸಾದನ ಕಾರ್ಖಾನೆಯಲ್ಲಿ ಅಂಥ ದಾಖಲೆ ಇರಲಿಲ್ಲ.

ಅಂದು ಅವಳು ತರಕಾರಿಯಿಂದ ಬರುವಷ್ಟರಲ್ಲಿ ಸಿಂಚನಾ ಕೆಲಸ ಮುಗಿಸಿದ್ದಳು. ಪಾಲಿಯೆಸ್ಟರ್ ಒಂದು ಕಡೆ, ರೇಯಾನ್ ಒಂದು ಕಡೆ, ಹತ್ತಿ ಒಂದು ಕಡೆ. ಒಟ್ಟು ಹದಿಮೂರು ಕಿಲೊ, ಅದರಲ್ಲಿ ಹತ್ತಿ ಒಂದು ಕಿಲೊ ಕೂಡ ಇಲ್ಲ. ಅಮ್ಮನಿಗಿಂತ ಅಚ್ಚುಕಟ್ಟಾಗಿ ಮಡಚಿ ಖಾನೆ ತುಂಬಿದಳು. ಪರಿಸರ ವಿಜ್ಞಾನದ ಹುಡುಗಿ. ಬಟ್ಟೆಯನ್ನು ಬಟ್ಟೆಗೆ ಸೇರಿಸಿದಳು, ಕಾಗದವನ್ನು ಕಾಗದಕ್ಕೆ ಸೇರಿಸಿದಳು. ಭಾನುವಾರ ರದ್ದಿ ಕೊಳ್ಳುವ ಪಸ್ತಿವಾಲಾ ಬಂದು ಹಳೇ ಪೇಪರುಗಳ ಜೊತೆ ಆ ಕಾಗದದ ಚೀಲವನ್ನೂ ತೂಗಿ ತೆಗೆದುಕೊಂಡು ಹೋದ.

ಆ ವರ್ಷ ವರಮಹಾಲಕ್ಷ್ಮಿಯ ದಿನದ ಸಂಘದ ಅರಿಶಿನ ಕುಂಕುಮ ಇಂದುಮತಿಯ ಮನೆಯಲ್ಲಿ. ಇಷ್ಟು ವರ್ಷ ಇನ್ನೊಬ್ಬರ ಮನೆಯಲ್ಲಿ ಕೋಸಂಬರಿ ತಿಂದು ಬಂದವಳಿಗೆ ಮೊದಲ ಸರದಿ. ಮೂವತ್ತಾರು ಹೆಂಗಸರು. ಮೇದಿನಿಯೇ ಫೋನು ಮಾಡಿ, "ನಿಮ್ಮನೇದು ಅಂದ್ರೆ ಯೋಚನೆ ಇಲ್ಲ ಬಿಡಿ, ನೀವು ಅಚ್ಚುಕಟ್ಟು" ಎಂದಿದ್ದಳು. ಇಂದುಮತಿ ಆ ಮಾತನ್ನು ಅತ್ತೆಗೆ ಎರಡು ಸಲ ಹೇಳಿದಳು, ಗಂಡನಿಗೆ ಮೂರು ಸಲ.

ಹಬ್ಬಕ್ಕೆ ಐದು ದಿನ ಇತ್ತು. ಭಾನುವಾರ ಬೆಳಿಗ್ಗೆ ಎಲ್ಲರೂ ಅಕ್ಕಿರೊಟ್ಟಿ ತಿನ್ನುತ್ತಿದ್ದಾಗ ಇಂದುಮತಿ ಕೋಣೆಯಿಂದ ಒಂದು ಕಣ ಬಿಚ್ಚಿ ಹಿಡಿದುಕೊಂಡು ಬಂದಳು.

"ಇದರ ಚೀಟಿ ಎಲ್ಲಿ?"

"ಯಾವ ಚೀಟಿ?" ಎಂದಳು ಸಿಂಚನಾ.

"ಒಳಗಿತ್ತಲ್ಲ. ಹೆಸರು ಬರೆದಿದ್ದು."

"ಓ, ಅದಾ. ರೀಸೈಕಲ್‌ಗೆ ಹಾಕಿದೆ ಅಮ್ಮ."

"ಎಷ್ಟು?"

"ಎಲ್ಲ."

ಕಮಲಾಕ್ಷಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಹರಿಪ್ರಸಾದನಿಗೆ ಸಂಗತಿ ಅರ್ಥವಾಗಲಿಲ್ಲ, ಆದರೆ ಹವಾಮಾನ ಅರ್ಥವಾಯಿತು. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಇಪ್ಪತ್ತೆರಡು ವರ್ಷ ಬರೆದಿದ್ದೀನಿ ಕಣೇ!" ಇಂದುಮತಿಯ ದನಿ ಏರಿತು. "ಮೂವತ್ತಾರು ಜನ ಬರ್ತಾರೆ. ಯಾರದ್ದು ಯಾರಿಗೆ ಕೊಡಲಿ ನಾನೀಗ? ಆ ಸೌಮ್ಯಾ ಪಾಡು ನೋಡಿದೀಯಲ್ಲ. ಎರಡು ವರ್ಷದಿಂದ ಆ ಹುಡುಗಿ ಯಾರ ಮನೆಗೂ ಬಂದಿಲ್ಲ!"

"ಅಮ್ಮ, ಎಲ್ಲರೂ ಪಾಸ್ ಮಾಡ್ತಾರೆ ಅಂತ ಎಲ್ಲರಿಗೂ ಗೊತ್ತಿದೆ. ಮತ್ತೆ ಯಾಕೆ ಹೈಡ್ ಮಾಡೋದು?"

"ಗೊತ್ತಿರೋದು ಬೇರೆ, ಕಾಣ್ಸೋದು ಬೇರೆ! ಬೀರು ಮುಟ್ಟಬೇಡ ಅಂದಿದ್ದೆ. ನಿನ್ನ ಪ್ರಾಜೆಕ್ಟು, ನಿನ್ನ ತಕ್ಕಡಿ... ಭೂಮಿ ಉಳಿಸಕ್ಕೆ ಹೊರಟು ಅಮ್ಮನ ಮಾನ ಪಸ್ತಿವಾಲಾಗೆ ಹಾಕಿದೆ!"

ಸಿಂಚನಾಳ ಕಣ್ಣು ತುಂಬಿತು. ಕಮಲಾಕ್ಷಮ್ಮ ಬಾಯಿ ಒರೆಸಿಕೊಂಡರು. "ಸಾಕು ಇಂದು. ಊಟದ ಹೊತ್ತಲ್ಲಿ ಮಗೂನ ಅಳಿಸಬೇಡ. ತಿಂದಾದ ಮೇಲೆ ಅಳಿಸು. ಎಲ್ಲ ತಂದು ಹಾಸು, ನೋಡೋಣ. ತಲೇಲಿ ಇರೋದನ್ನ ಪಸ್ತಿವಾಲಾ ತಗೊಂಡು ಹೋಗಿಲ್ವಲ್ಲ."

ಅಂದು ಮಧ್ಯಾಹ್ನದವರೆಗೆ ಅತ್ತೆ, ಸೊಸೆ, ಮೊಮ್ಮಗಳು ಚಾಪೆಯ ಮೇಲೆ ಕುಳಿತು ನೆನಪಿನ ಮೇಲೆ ಕೈಯಾಡಿಸಿದರು. "ಈ ಗುಲಾಬಿ ಸೀಮಂತದ್ದು." "ಈ ಹಳದಿ ಸತ್ಯನಾರಾಯಣ ಪೂಜೇದು, ಆದರೆ ಯಾರ ಮನೇದು?" ಕಮಲಾಕ್ಷಮ್ಮ ಕೆಲವನ್ನು ಮೂಗಿಗೆ ಹಿಡಿದು ಮೂಸಿ, "ಇದರಲ್ಲಿ ಕರ್ಪೂರ ಇದೆ. ಕರ್ಪೂರ ಬೀರುವಿನಲ್ಲಿ ಇಡೋಳು ವಡೋದರಾದ ಕಾಮಾಕ್ಷಿ" ಎಂದು ತೀರ್ಪು ಕೊಟ್ಟರು. ಎರಡು ಗಂಟೆಯ ಹೊತ್ತಿಗೆ ಖಚಿತವಾದವು ಹತ್ತೊಂಬತ್ತು. ಅನ್ನ ಮಾಡಲು ಯಾರಿಗೂ ನೆನಪಿರಲಿಲ್ಲ. ಹರಿಪ್ರಸಾದ ತಿಂಡಿ ಅಂಗಡಿಗೆ ಹೋಗಿ ಖಮಣ್ ಕಟ್ಟಿಸಿಕೊಂಡು ಬಂದ. ಅದು ದಿನಸಿಯೋ ಅಲ್ಲವೋ ಎಂದು ಯಾರೂ ಕೇಳಲಿಲ್ಲ.

ಮರುದಿನದಿಂದ ಇಂದುಮತಿ ಸಾರಿಗೆ ಉಪ್ಪು ಎರಡು ಸಲ ಹಾಕಿದಳು, ಒಮ್ಮೆ ಹಾಕಲೇ ಇಲ್ಲ. ಎರಡನ್ನೂ ಹರಿಪ್ರಸಾದ ಮಾತಾಡದೆ ಉಂಡ. ಅವನಿಗೆ ಹೆಂಡತಿಯ ಮೇಲೆ ಮರುಕ ಹುಟ್ಟಿತು. ಅವನಿಗೆ ಮರುಕ ಹುಟ್ಟಿದರೆ ಏನಾದರೂ ಕೊಂಡು ತರುವುದು ವಾಡಿಕೆ.

ಗುರುವಾರ ಸಂಜೆ ಸಿಂಚನಾ ರಜೆ ಹಾಕಿ ಬಂದಳು. ಕೆಳಗೆ ಕಾರಿನಿಂದ ತೆಂಗಿನಕಾಯಿ ಇಳಿಸೋಣವೆಂದು ಡಿಕ್ಕಿ ತೆಗೆದವಳು "ಅಮ್ಮಾ, ಅಜ್ಜೀ, ಕೆಳಗೆ ಬನ್ನಿ" ಎಂದು ಫೋನು ಮಾಡಿದಳು. ಡಿಕ್ಕಿಯಲ್ಲಿ ಬಿಚ್ಚದ ರಟ್ಟಿನ ಡಬ್ಬಿಗಳು ಐದು. ಎಲ್ಲದರ ಮೇಲೂ ಹಜೀರಾದ ಕಾರ್ಖಾನೆಯ ವಿಳಾಸ.

"ಇದೇನೋ?" ಎಂದರು ಕಮಲಾಕ್ಷಮ್ಮ.

"ಅದು... ಮನೆಗೆ ಬಂದಿಲ್ವಲ್ಲ ಅಮ್ಮ" ಎಂದ ಹರಿಪ್ರಸಾದ. "ಮನೆಗೆ ತರಕೂಡದು ಅಂತ ತಾನೇ ಕಾನೂನು?"

"ಈ ಬುದ್ಧಿ ನಿಂದಲ್ಲ, ನಂದು" ಎಂದು ಕಮಲಾಕ್ಷಮ್ಮ ಒಂದು ಡಬ್ಬಿ ಅಲ್ಲಾಡಿಸಿ ನೋಡಿದರು. "ಇನ್ನೊಂದು ಟಾರ್ಚು."

ಡಬ್ಬಿಗಳ ಹಿಂದೆ ಬಟ್ಟೆಯ ಒಂದು ಗಂಟು ಇತ್ತು. ಹರಿಪ್ರಸಾದ ಅದನ್ನು ಎತ್ತಿ ಹೆಂಡತಿಯ ಕೈಗೆ ಕೊಟ್ಟ. "ನಿನಗೋಸ್ಕರ. ರಿಂಗ್ ರೋಡ್ ಮಾರ್ಕೆಟ್‌ನಲ್ಲಿ ಹೋಲ್‌ಸೇಲ್. ನಲವತ್ತು ರವಿಕೆ ಕಣ. ಹೊಚ್ಚ ಹೊಸದು, ಯಾರ ಮನೇದೂ ಅಲ್ಲ. ನಾಳೆ ಇದನ್ನೇ ಕೊಟ್ಟುಬಿಡು, ರಗಳೆ ಮುಗೀತು."

ಮೇಲೆ ಬಂದು ಮೇಜಿನ ಮುಂದೆ ಕುಳಿತರು. ಗಂಟು ಮಧ್ಯದಲ್ಲಿ ಇತ್ತು. ಸಿಂಚನಾ ಅದನ್ನು ನೋಡಿ, "ಕೊಡು ಅಮ್ಮ. ಚೀಟಿ ಬಿಸಾಕಿದ್ದು ನಾನು. ನಾನು ಒಪ್ಪಿದೀನಿ" ಎಂದು ಕೈ ಎತ್ತಿದಳು. ಹರಿಪ್ರಸಾದ ಎರಡೂ ಕೈ ಎತ್ತಿದ. ಕಮಲಾಕ್ಷಮ್ಮ ಸೊಸೆಯನ್ನು ನೋಡಿದರು.

ಇಂದುಮತಿ ಗಂಟು ಬಿಚ್ಚಿದಳು. ನಲವತ್ತೂ ಕಿತ್ತಳೆ ಬಣ್ಣ. ಕಣ್ಣಿಗೆ ಹೊಡೆಯುವ, ರಸ್ತೆ ಕೆಲಸದವರ ಜಾಕೆಟ್ಟಿನ ಕಿತ್ತಳೆ.

"ಒಂದೇ ಬಣ್ಣ ತಗೊಂಡ್ರೆ ಕಮ್ಮಿಗೆ ಕೊಟ್ಟ" ಎಂದ ಹರಿಪ್ರಸಾದ. "ಮುಟ್ಟಿ ನೋಡು. ನಮ್ಮ ಪ್ಲಾಂಟಿನ ಮಾಲೇ ಇರಬೇಕು. ಹಾಳಾಗೋ ಮಾತೇ ಇಲ್ಲ."

ಇಂದುಮತಿ ಒಂದನ್ನು ಬೆಳಕಿಗೆ ಹಿಡಿದಳು. "ಅದೇ ರೀ ನನ್ನ ಭಯ. ಇದು ಸಾಯಲ್ಲ. ನಾಳೆ ನಾನು ಮೂವತ್ತಾರು ಬಿಟ್ಟರೆ, ಇನ್ನು ಇಪ್ಪತ್ತು ವರ್ಷ ಯಾರ ಮನೆ ಸೀಮಂತಕ್ಕೆ ಹೋದ್ರೂ, ಯಾರ ಗೃಹಪ್ರವೇಶಕ್ಕೆ ಹೋದ್ರೂ ಇದೇ ಕಿತ್ತಳೆ ನನ್ನ ಕೈಗೆ ವಾಪಸ್ ಬರ್ತಿರತ್ತೆ. ಇವಳ ಮದುವೇಲೂ ಬರತ್ತೆ." ಗಂಟು ಕಟ್ಟಿ ಗಂಡನ ಕಡೆ ತಳ್ಳಿದಳು. "ಬೇಡ. ಆಗಿದ್ದಾಗಲಿ. ಇರೋದನ್ನೇ ಕೊಡ್ತೀನಿ."

ಮೂರು ಕೈಗಳು ಕೆಳಗಿಳಿದವು. ಹರಿಪ್ರಸಾದ ಮರುದಿನ ಬೆಳಿಗ್ಗೆ ಗಂಟನ್ನು ಹಿಂದಿರುಗಿಸಲು ಹೋದ. ಅಂಗಡಿಯವನು ಒಪ್ಪುವವರೆಗೂ ಅಲ್ಲೇ ಕುಳಿತು ಮೂರು ಚಹಾ ಕುಡಿದ. ಐದು ಡಬ್ಬಿಗಳೂ ಬಂದ ದಾರಿ ಹಿಡಿದವು.

ಶುಕ್ರವಾರ ನಾಲ್ಕು ಗಂಟೆಗೆ ಹೆಂಗಸರು ಬರತೊಡಗಿದರು. ಬಾಗಿಲಲ್ಲಿ ಚಪ್ಪಲಿ ತುಂಬಿ ಲಿಫ್ಟಿನವರೆಗೆ ಹೋಯಿತು. ಇಂದುಮತಿ ಎಲ್ಲರಿಗೂ ಕೊಡಬೇಕಾದ ಕಣಗಳನ್ನು ಬೆಳಗ್ಗೆಯೇ ಆರಿಸಿದ್ದಳು. ಹೆಚ್ಚು ಯೋಚಿಸಿದ್ದು ಮೇದಿನಿಯದಕ್ಕೆ. ಕೊನೆಗೆ ಜರಿಯಂಚಿನ ಒಂದು ಗಿಳಿಹಸಿರು ತೆಗೆದಿಟ್ಟಳು. ಅದರಲ್ಲಿ ಕರ್ಪೂರದ ವಾಸನೆ ಇತ್ತು. ಅದು ಕಾಮಾಕ್ಷಿ ಕೊಟ್ಟದ್ದೇ ಎಂದು ಅತ್ತೆ ಸೊಸೆ ಇಬ್ಬರೂ ಆಣೆ ಇಡಲು ಸಿದ್ಧರಿದ್ದರು. ಸೌಮ್ಯಾಳನ್ನೂ ಕರೆದಿದ್ದಳು, ಬರುತ್ತಾಳೆಂದುಕೊಂಡಿರಲಿಲ್ಲ. ಅವಳು ಬಂದು ಬಾಗಿಲ ಹತ್ತಿರ, ಬೇಗ ಎದ್ದು ಹೋಗಬಹುದಾದ ಜಾಗದಲ್ಲಿ ಕುಳಿತಳು.

ಕೋಸಂಬರಿ ಆಯಿತು, ಕಾಫಿ ಆಯಿತು, ಎರಡು ಹಾಡೂ ಆದವು. ಇಂದುಮತಿ ಕುಂಕುಮ ಹಚ್ಚಿ ಒಬ್ಬೊಬ್ಬರಿಗೇ ಕೊಡುತ್ತ ಬಂದಳು. ಮೇದಿನಿ ತನ್ನದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ, ಯಾರೂ ಮಾಡದ ಕೆಲಸ, ಮಡಿಕೆ ಬಿಚ್ಚಿದಳು.

"ಇಂದುಮತೀ..." ಎಂದಳು. "ಇದು ನಂದಲ್ವಾ?"

ಸಿಂಚನಾ ಕಾಫಿ ತಟ್ಟೆ ಹಿಡಿದು ಅಲ್ಲೇ ನಿಂತಳು.

"ಇಲ್ಲಪ್ಪ, ಅದು..." ಎಂದಳು ಇಂದುಮತಿ. ಮುಂದೆ ಹೇಳಬೇಕಾದರೆ ಕಾಮಾಕ್ಷಿಯ ಹೆಸರು ಎತ್ತಬೇಕು. ಕಾಮಾಕ್ಷಿ ಎದುರಿಗೇ ಕುಳಿತಿದ್ದಳು.

"ನೋಡ್ರೀ, ಅಂಚಲ್ಲಿ ಈ ಕಂದು ಕಲೆ. ಕುಂಕುಮದ್ದು. ನಮ್ಮ ದೇವರ ಮನೇಲಿ ಆಗಿದ್ದು. ಇದನ್ನ ನಾನು ಮರೀತೀನಾ? ಆವತ್ತು ಸೌಮ್ಯಾ ನಂಗೆ ವಾಪಸ್ ಕೊಟ್ಟಿದ್ದೂ ಇದೇ!"

ಎಲ್ಲರೂ ಬಾಗಿಲ ಕಡೆ ತಿರುಗಿದರು. ಸೌಮ್ಯಾ ಎದ್ದು ಹೋಗಲಿಲ್ಲ. ಎರಡು ವರ್ಷ ಮನೆಯಲ್ಲಿ ಕುಳಿತು ಅವಳಿಗೆ ಯೋಚಿಸಲು ಬೇಕಾದಷ್ಟು ಸಮಯ ಸಿಕ್ಕಿತ್ತು.

"ಹೌದು ಮೇಡಂ, ಇದೇ" ಎಂದಳು. "ನಾನು ನಿಮಗೆ ವಾಪಸ್ ಕೊಟ್ಟೆ. ಆಮೇಲೆ ಅದು ನಿಮ್ಮ ಹತ್ರಾನೇ ಇರಬೇಕಿತ್ತಲ್ಲ. ಇಂದುಮತಿ ಅಕ್ಕನ ಮನೆಗೆ ಹೇಗೆ ಬಂತು?"

ಮೇದಿನಿ ಕಣವನ್ನು ಮತ್ತೆ ಮಡಚತೊಡಗಿದಳು.

"ನಂಗೆ ನೀವೇ ಕೊಟ್ರಿ" ಎಂದಳು ಕಾಮಾಕ್ಷಿ, ಅನುಮಾನಿಸುತ್ತ. "ಹೋದ ವರ್ಷ, ದಸರೇಲಿ. ನಾನು ಇಂದೂಗೆ ಕೊಟ್ಟೆ. ಕರ್ಪೂರ ನಂದು."

"ನಿಮಗೆ ಯಾರು ಕೊಟ್ಟಿದ್ದು ಮೇದಿನಿ, ಮೊದಲು?" ಎಂದು ಕೇಳಿದವರು ಕಮಲಾಕ್ಷಮ್ಮ. ಸೋಫಾದ ಮೂಲೆಯಿಂದ ಎದ್ದು ಬಂದಿದ್ದರು.

"ನಾನು... ಅನಂತರಾಮರ ಹೆಂಡತಿ ಕೊಟ್ಟಿದ್ದು. ಬ್ಯಾಂಕಿನೋರು. ಮಂಗಳೂರಿಗೆ ವರ್ಗ ಆಗಿ ಹೋಗೋವಾಗ." ಮೇದಿನಿಯ ದನಿ ಸ್ವಲ್ಪ ಇಳಿದಿತ್ತು. "ಆದರೆ ಕಲೆ ನಮ್ಮನೇದೇ."

"ಎಲ್ಲಿ, ಇಲ್ಲಿ ಕೊಡಿ." ಕಮಲಾಕ್ಷಮ್ಮ ಕನ್ನಡಕ ಏರಿಸಿ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಸೊಸೆಯ ಕಡೆ ನೋಡಿ, ಐದು ವರ್ಷದ ಹುಡುಗಿ ಸಿಕ್ಕಿಬಿದ್ದಂತೆ ನಕ್ಕರು.

"ಇದು ಕುಂಕುಮ ಅಲ್ಲ. ಕಾಫಿ. ಚೆಲ್ಲಿದ್ದು ನಾನು. ಒಂಬತ್ತು ವರ್ಷ ಆಯ್ತು ಇಂದು. ನೀನು ಅಂಗಡಿಯಿಂದ ತಂದು ಈ ಮೇಜಿನ ಮೇಲೇ ಇಟ್ಟಿದ್ದೆ. ಅನಂತರಾಮನ ಹೆಂಡತಿಗೆ ಅಂತ. ನಾನು ಒರೆಸಿ, ಕಲೆ ಒಳಗೆ ಹೋಗೋ ಹಾಗೆ ಮಡಚಿಟ್ಟೆ. ನೀನು ಬೈತೀಯ ಅಂತ ಹೇಳಲಿಲ್ಲ."

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಸೌಮ್ಯಾ ಎಂದು ಕೆಲವರು, ಕಾಮಾಕ್ಷಿ ಎಂದು ಕೆಲವರು. ಮೇದಿನಿ ಕೊನೆಯವಳು. ಬೆರಳು ಮಡಚುತ್ತ ಎಣಿಸಿದಳು: ಇಂದುಮತಿ, ಅನಂತರಾಮರ ಹೆಂಡತಿ, ನಾನು, ಸೌಮ್ಯಾ, ಮತ್ತೆ ನಾನು, ಕಾಮಾಕ್ಷಿ, ಇಂದುಮತಿ, ಈಗ ಇನ್ನೊಂದು ಸಲ ನಾನು. "ಅಯ್ಯೋ ರಾಮ, ಎರಡು ವರ್ಷ ಊರೆಲ್ಲ ನಂದು ನಂದು ಅಂದೆನಲ್ಲ, ಇದು ಯಾವಾಗ ನಂದಾಗಿತ್ತು?" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಬಾಗಿಲ ಕಡೆ ಹೋಗಿ ಸೌಮ್ಯಾಳ ಪಕ್ಕದಲ್ಲಿ ದೊಪ್ಪನೆ ಕುಳಿತಳು. ಏನು ಹೇಳಿದಳೋ ಯಾರಿಗೂ ಕೇಳಿಸಲಿಲ್ಲ. ಸೌಮ್ಯಾ ಮಾತ್ರ ಇನ್ನೊಂದು ಸಲ ಕೋಸಂಬರಿ ಹಾಕಿಸಿಕೊಂಡಳು.

ಎಲ್ಲರೂ ಹೋದ ಮೇಲೆ ಇಂದುಮತಿ ಕಾಲು ನೀಡಿ ನೆಲದ ಮೇಲೆ ಕುಳಿತಳು. "ಚೀಟಿ ಇದ್ದಿದ್ರೂ ಇದೇ ಆಗ್ತಿತ್ತು, ಅಲ್ವೇನೇ? ಚೀಟೀಲಿ ಕಾಮಾಕ್ಷಿ ಅಂತ ತಾನೇ ಇದ್ದಿದ್ದು."

"ನಿನ್ನ ಚೀಟೀಲಿ ಲಾಸ್ಟ್ ಮನೆ ಮಾತ್ರ ಇರ್ತಿತ್ತು ಅಮ್ಮ. ಎಲ್ಲ ಮನೆನೂ ಇರ್ಬೇಕು" ಎಂದಳು ಸಿಂಚನಾ. "ಲೈಬ್ರರಿ ಬುಕ್ ಥರ."

ಅವಳು ಕಾಲೇಜಿನ ಹಳೇ ಫೈಲುಗಳ ರಟ್ಟು ಕತ್ತರಿಸಿ ಚೀಟಿ ಮಾಡಿದಳು; ಕಮಲಾಕ್ಷಮ್ಮ ಒಂದೊಂದನ್ನೂ ಕಣದ ಮೂಲೆಗೆ ಎರಡು ಹೊಲಿಗೆ ಹಾಕಿ ಸೇರಿಸಿದರು. ಹೆಸರು ಬಚ್ಚಿಡಲು ಬಳಸುತ್ತಿದ್ದ ಚೀಟಿ ಈಗ ಹೆಸರು ತೋರಿಸಲು ಬಂತು. ಮೊದಲು ಹೆಂಗಸರು ಮುಜುಗರಪಟ್ಟರು. ಎರಡು ವಾರದಲ್ಲಿ ಸಂಘದ ವಾಟ್ಸಾಪ್ ಗುಂಪಿನಲ್ಲಿ ಚೀಟಿಗಳ ಫೋಟೊ ಬರತೊಡಗಿತು. "ನಂದು ಆರು ಮನೆ." "ನಂದರಲ್ಲಿ ಭರೂಚ್‌ನೋರ ಹೆಸರೂ ಇದೆ." ಗಣೇಶನ ಹಬ್ಬದ ಹೊತ್ತಿಗೆ ಹೆಚ್ಚು ಮನೆ ಕಂಡ ಕಣ ಹೆಚ್ಚು ಗೌರವದ್ದು ಎಂಬುದು ತಾನಾಗಿಯೇ ನಿಶ್ಚಯವಾಗಿತ್ತು. ಹೊಸದು ತರುವವರನ್ನು ಜನ ಸ್ವಲ್ಪ ಕನಿಕರದಿಂದ ನೋಡತೊಡಗಿದರು: ಪಾಪ, ಯಾರೂ ಕರೆದಿಲ್ಲವೇನೋ.

ನವರಾತ್ರಿಯಲ್ಲಿ ಮೇದಿನಿಯ ಮನೆಯಲ್ಲಿ ಬೊಂಬೆ ಕೂರಿಸಿದ್ದರು. ಏಳು ಗಂಟೆಗೆ ಹೋದ ಇಂದುಮತಿ ಎಂಟಕ್ಕೆ ಬಂದು ಚಪ್ಪಲಿ ಬಿಟ್ಟ ಸದ್ದಿನಲ್ಲೇ ಏನೋ ಆಗಿದೆ ಎಂದು ಮನೆಯವರಿಗೆ ತಿಳಿಯಿತು.

"ಏನಾಯ್ತೇ?" ಎಂದ ಹರಿಪ್ರಸಾದ.

"ಆ ಗಿಳಿಹಸಿರನ್ನ ಮೇದಿನಿ ಸೌಮ್ಯಂಗೆ ಕೊಟ್ಲು."

"ಒಳ್ಳೇದೇ ಆಯ್ತಲ್ಲ" ಎಂದರು ಕಮಲಾಕ್ಷಮ್ಮ. "ಆ ಹುಡುಗಿಗೇ ಸೇರಬೇಕಾದ್ದು."

"ಸರಿ ಅತ್ತೆ, ಕೊಡ್ಲಿ. ನಂಗೆ ಏನು ಕೊಟ್ಲು ಗೊತ್ತಾ?" ಇಂದುಮತಿ ಚೀಲದಿಂದ ತೆಗೆದು ಮೇಜಿನ ಮೇಲೆ ಹಾಕಿದಳು. ನೇರಳೆ ಬಣ್ಣದ, ಮೆತ್ತನೆಯ ಕೈಮಗ್ಗದ ಹತ್ತಿ. ಚೀಟಿ ಇಲ್ಲ. "ಹೊಸದು! 'ಸ್ಟಾಕ್ ಮುಗೀತು ಇಂದು, ಬೇಜಾರು ಮಾಡ್ಕೋಬೇಡ, ಊರಿಂದ ತಂದಿದ್ದು ಒಂದಿತ್ತು' ಅಂತ. ಮೂವತ್ತು ಜನರ ಎದುರಿಗೆ ನಂಗೆ ಹೊಸದು ಕೊಟ್ಟುಬಿಟ್ಲು!"

ಹರಿಪ್ರಸಾದ ಹೊಸ ಬಟ್ಟೆಯನ್ನೂ ಹೆಂಡತಿಯ ಮುಖವನ್ನೂ ನೋಡಿದ. ಈ ಮನೆಯಲ್ಲಿ ಯಾವುದು ಮಾನ, ಯಾವುದು ಅವಮಾನ ಎಂಬ ಲೆಕ್ಕ ಅವನಿಗೆ ತಪ್ಪಿ ಬಹಳ ದಿನವಾಗಿತ್ತು.

ಕಮಲಾಕ್ಷಮ್ಮ ಬಟ್ಟೆಯನ್ನು ಬೆರಳಿನ ನಡುವೆ ತಿಕ್ಕಿ ನೋಡಿದರು. "ಚೆನ್ನಾಗಿದೆ. ಹೊಲಿಸಿಬಿಡು."

"ಹೊಲಿಸೋದಾ?"

"ಹೂಂ. ರವಿಕೆ."

"ಹೊಲಿಸಿದ್ರೆ ಮುಂದಕ್ಕೆ ಹೋಗಲ್ವಲ್ಲ ಅತ್ತೆ."

"ಅದಕ್ಕೇ ಹೇಳಿದ್ದು. ಒಂದಾದ್ರೂ ಎಲ್ಲಾದರೂ ನಿಲ್ಲಲಿ."

ಸಿಂಚನಾ ಆ ಶನಿವಾರ ಬಂದು ಒಂದು ಚೀಟಿಯಲ್ಲಿ 'ಮೇದಿನಿ' ಎಂದು ಬರೆದು, ಕೆಳಗೆ 'ಇಂದುಮತಿ' ಎಂದು ಬರೆದಳು. ಅವಳ ಕನ್ನಡ ಅಕ್ಷರ ಇನ್ನೂ ಗಾಳಿಗೆ ಬಾಗಿದಂತೆ ಇರುತ್ತಿತ್ತು. ಕಮಲಾಕ್ಷಮ್ಮ ಅದರ ಕೆಳಗೆ ಒಂದು ಗೆರೆ ಎಳೆದರು.

ದರ್ಜಿ ಜಯಂತಿಭಾಯಿ ಬಟ್ಟೆಗೆ ಟೇಪು ಹಿಡಿದು, ಇಂದುಮತಿಯ ಅಳತೆ ನೋಡಿ, ಮತ್ತೆ ಬಟ್ಟೆ ನೋಡಿ ತಲೆಯಾಡಿಸಿದ. "ಬೆಹೆನ್, ಕಪಡಾ ಕಮ್ ಪಡೇಗಾ. ಬಾಜೂ ನಹೀಂ ನಿಕ್ಲೇಗಾ." ತೋಳಿಗೆ ಬಟ್ಟೆ ಸಾಲದು, ಬೇರೆ ಬಟ್ಟೆ ತಂದರೆ ಹೊಂದಿಸಿ ಕೊಡುವೆನೆಂದ. ಪಕ್ಕದ ಅಂಗಡಿಯಲ್ಲಿ ಅದೇ ನೇರಳೆ ಬಣ್ಣದ ಬಟ್ಟೆ ಥಾನು ಥಾನಾಗಿ ನೇತಾಡುತ್ತಿತ್ತು. ಇಂದುಮತಿ ಅದನ್ನೊಮ್ಮೆ ನೋಡಿದಳು. ತನ್ನ ಎರಡೂ ತೋಳನ್ನು ಒಮ್ಮೆ ನೋಡಿಕೊಂಡಳು. "ಜಿತನಾ ಹೈ ಉತನೇ ಮೇಂ ಬನಾವೋ ಭಾಯಿ" ಎಂದು ಇದ್ದಷ್ಟರಲ್ಲೇ ಹೊಲಿಯಲು ಹೇಳಿದಳು.

ಸಂಘದ ದೀಪಾವಳಿ ಊಟದ ದಿನ ಹರಿಪ್ರಸಾದ ಕಾಫಿ ಕುಡಿಯುತ್ತ ಕುಳಿತಿದ್ದ. ಕೋಣೆಯ ಬಾಗಿಲು ತೆರೆಯಿತು. ಇಂದುಮತಿ ಹನ್ನೆರಡು ವರ್ಷದ ಹಿಂದಿನ ಹಳದಿ ಸೀರೆ ಉಟ್ಟು, ತೋಳಿಲ್ಲದ ನೇರಳೆ ರವಿಕೆ ತೊಟ್ಟು ನಿಂತಿದ್ದಳು. ನಲವತ್ತೊಂಬತ್ತು ವರ್ಷದಲ್ಲಿ ಆ ತೋಳುಗಳು ಹೊರಗಿನ ಬೆಳಕು ಕಂಡಿರಲಿಲ್ಲ. ಹರಿಪ್ರಸಾದ ಲೋಟವನ್ನು ಮೇಜಿನ ಮೇಲೆ ಇಡಲು ಹೋಗಿ, ಮೇಜು ಅಲ್ಲಿಲ್ಲದ ಕಾರಣ ಪ್ಯಾಂಟಿನ ಮೇಲೆ ಇಟ್ಟ.

"ಚೆನ್ನಾಗಿಲ್ವಾ?" ಎಂದಳು ಇಂದುಮತಿ, ಸೆರಗನ್ನು ಎರಡೂ ಹೆಗಲಿಗೆ ಎಳೆದುಕೊಳ್ಳುತ್ತ.

"ಸೂಪರ್ ಅಮ್ಮ!" ಎಂದಳು ಸಿಂಚನಾ.

ಕಮಲಾಕ್ಷಮ್ಮ ಕನ್ನಡಕ ಹಾಕಿಕೊಂಡು ಸೊಸೆಯನ್ನು ಮುಂದಿನಿಂದ ನೋಡಿದರು, ತಿರುಗಿಸಿ ಹಿಂದಿನಿಂದಲೂ ನೋಡಿದರು. "ಕಮ್ಮಿ ಕೊಳ್ಳಬೇಕು ಅಂತ ಕಾನೂನಾಗಿದ್ದು ಹೌದು. ಇಷ್ಟು ಕಮ್ಮಿ ಅಂತ ಯಾರೂ ಹೇಳಿರಲಿಲ್ಲ."

"ಅಜ್ಜೀ!"

"ಬೈದಿಲ್ಲ ಕಣೇ." ಅವರು ಕೈ ಚಾಚಿ ಇಂದುಮತಿಯ ಹೆಗಲಿನಿಂದ ಸೆರಗು ಇಳಿಸಿ ನೇರ ಮಾಡಿದರು. "ಹೊದ್ಕೋಬೇಡ ಇಂದು. ಹೊಲಿಸಿದ್ದು ಕಾಣ್ಲಿ."